ಗೂಬೆ ಕೂರಿಸುವ ಕ್ರಮ

ನಮ್ಮಲ್ಲಿ ಇನ್ನೊಬ್ಬರ ಮೇಲೆ ಗೂಬೆ ಕೂರಿಸಲು ಕಾಸು ಬೇಕಿಲ್ಲ. ಅಮೆರಿಕದ ಕೋರೋ ಎಂಬ ಒಡವೆ ಕಂಪನಿ ಮಾತ್ರ 1940ರ ದಶಕದಲ್ಲಿ ಬಟ್ಟೆಗೆ ಚುಚ್ಚಿಕೊಳ್ಳುವ ಜೋಡಿ ಗೂಬೆಯ ಬ್ರೂಚನ್ನೇ ಮಾಡಿ ಮಾರಿತು. ಹೆಸರು ‘ಡ್ಯುಯೆಟ್’. ತಿರುಗಿಸಿದರೆ ಗುಟ್ಟು ಬಯಲು: ಪಿನ್ನಿರುವ ಒಂದು ಚೌಕಟ್ಟು, ಅದರ ಮೇಲೆ ಬಾಡಿಗೆಗೆ ಕೂತ ಎರಡು ಗೂಬೆ. ಕಳಚಿದರೆ ಎರಡು ಬಿಡಿ ಕ್ಲಿಪ್ಪು. ಬೆನ್ನ ಮೇಲೆ 1798867 ಅಂತಿದ್ದರೆ ಅದು ಯಾರ ಫೋನ್ ನಂಬರೂ ಅಲ್ಲ, 1931ರ ಪೇಟೆಂಟಿನದು.

ಅವಾಂತರ ಶುರುವಾಗುವುದು ಒಂದೇ ಕಡೆ. ಕ್ಲಿಪ್ಪಿಗೆ ಬಟ್ಟೆಯ ಅಂಚು ಬೇಕು, ಪಿನ್ನಿಗೆ ಬೇಕಿಲ್ಲ. ಬಿಡಿ ಗೂಬೆಯನ್ನು ಚೌಕ ಕತ್ತಿನ ಮೂಲೆಗೋ ಕಾಲರಿಗೋ ಜೇಬಿನ ಬಾಯಿಗೋ ಸಿಕ್ಕಿಸಬಹುದು. ಎದೆಯ ನಟ್ಟನಡುವೆ ಕೂರು ಅಂದರೆ ಅದು ಸೀದಾ ಕಾಫಿ ಲೋಟಕ್ಕೆ. ಕ್ಲಿಪ್ಪಿನ ಹಿಂದೆ ಬಟ್ಟೆ ಕಚ್ಚುವ ನಾಲಗೆಯೊಂದಿದೆ, ಅದರ ತುದಿಯಲ್ಲಿ ಹಲ್ಲುಗಳಿರುತ್ತವೆ. ಶಿಫಾನ್, ತೆಳು ರೇಷ್ಮೆ ಸಿಕ್ಕಿತೋ, ಎಳೆ ಎಳೆಯಾಗಿ ಮೇಯುತ್ತವೆ. ಬಟ್ಟೆಯ ಹಿಂಬದಿಗೆ ಎರಡು ಬೆರಳಗಲದ ರಿಬ್ಬನ್ ತುಂಡು ಇಟ್ಟು ಕಚ್ಚಿಸಿ. ದಪ್ಪ ಉಣ್ಣೆ ಕೋಟಿಗೆ ನಾಲಗೆಯನ್ನು ಬಲವಂತವಾಗಿ ಅಗಲಿಸಿದರೆ ಸ್ಪ್ರಿಂಗ್ ಸಡಿಲ. ಆಮೇಲೆ ಗೂಬೆ ಎಲ್ಲಿ ಹಾರಿತೋ ಗೊತ್ತಾಗುವುದಿಲ್ಲ.

ಜೋಡಿಯಾಗಿ ತೊಡುವಾಗ ಮೊದಲು ಮೇಜಿನ ಮೇಲೇ ಎರಡನ್ನೂ ಚೌಕಟ್ಟಿಗೆ ಕೂರಿಸಿ, ನಾಲಗೆ ಮುಚ್ಚಿ, ಅಲುಗಾಡಿಸಿ ನೋಡಿ. ಮೈಮೇಲೆ ಚುಚ್ಚಿಕೊಂಡ ಮೇಲೆ ಕನ್ನಡಿ ನೋಡುತ್ತಾ ಈ ಕಸರತ್ತು ಬೇಡ, ಬೆರಳಿಗೆ ಚುಚ್ಚುವುದು ಖಚಿತ. ಜೋಡಿ ಭಾರ ಹೆಚ್ಚು. ತೆಳು ಬಟ್ಟೆಯಲ್ಲಿ ಬ್ರೂಚ್ ಮುಂದಕ್ಕೆ ಬಾಗಿ ನೆಲ ನೋಡುತ್ತದೆ, ಏನೋ ತಪ್ಪು ಮಾಡಿದ ಹುಡುಗನ ಹಾಗೆ. ಒಳಗಿನಿಂದ ಫೆಲ್ಟ್ ಚೂರಿಟ್ಟು, ಪಿನ್ನನ್ನು ಎರಡು ಸಲ ಒಳಗೆ ಹೊರಗೆ ಹಾಯಿಸಿದರೆ ತಲೆ ಎತ್ತುತ್ತದೆ.

ಸೀರೆಗೂ ಆಗುತ್ತದೆ. ಆದರೆ ಭುಜದ ನೆರಿಗೆಯ ಐದಾರು ಪದರವನ್ನು ಈ ಹಳೇ ಪಿನ್ನಿನಿಂದ ಚುಚ್ಚಬೇಡಿ, ಬಾಗುತ್ತದೆ. ನೆರಿಗೆ ಹಿಡಿಯುವ ಕೂಲಿ ಕೆಲಸ ಸೇಫ್ಟಿ ಪಿನ್ನಿಗಿರಲಿ. ಮೇಲಿನ ಒಂದೆರಡು ಪದರಕ್ಕೆ ಮಾತ್ರ ಬ್ರೂಚ್.

ಇನ್ನು ತೊಳೆಯುವ ಹುಮ್ಮಸ್ಸು. ಹರಳಿನ ಹಿಂದೆ ಬೇಗಡೆ ಅಂಟಿಸಿರುತ್ತಾರೆ. ನೀರು ನುಗ್ಗಿದರೆ ಅದು ಕಪ್ಪಾಗಿ, ಹರಳು ಪೊರೆ ಬಂದ ಕಣ್ಣಾಗುತ್ತದೆ. ಒಣ ಮೆತ್ತನೆ ಬ್ರಷ್ ಸಾಕು. ಸೆಂಟು ಹೊಡೆದುಕೊಳ್ಳುವುದಿದ್ದರೆ ಮೊದಲೇ ಮುಗಿಸಿ, ಅದು ಆರಿದ ಮೇಲೆ ಗೂಬೆ ಕೂರಲಿ.

ಕೊಳ್ಳುವಾಗ ಚೌಕಟ್ಟು ಕೇಳಿ. ಎಷ್ಟೋ ಕಡೆ ಗೂಬೆಗಳಿರುತ್ತವೆ, ಚೌಕಟ್ಟೇ ಇರುವುದಿಲ್ಲ.