ಸತ್ಯಾಂಶ: ರೋಸಾ ಪಾರ್ಕ್ಸ್ ಸುಸ್ತಾಗಿ ಕೂತಿದ್ದಲ್ಲ

ವಾಟ್ಸಾಪ್‌ನಲ್ಲಿ ಈ ಕಥೆ ಆಗಾಗ ಬರುತ್ತದೆ. ಅಮೆರಿಕದಲ್ಲಿ ರೋಸಾ ಪಾರ್ಕ್ಸ್ ಎಂಬ ಕರಿಯ ಮುದುಕಿ ಸುಸ್ತಾಗಿ ಬಸ್ಸಿನಲ್ಲಿ ಬಿಳಿಯರ ಸೀಟಿನಲ್ಲಿ ಕೂತುಬಿಟ್ಟರಂತೆ, ಅಷ್ಟಕ್ಕೇ ಕಾನೂನು ಬದಲಾಯಿತಂತೆ. ಅಷ್ಟು ಸುಲಭವಾಗಿರಲಿಲ್ಲ.

ಅದು 1955ರ ಡಿಸೆಂಬರ್ 1, ಮಾಂಟ್ಗಮರಿ ನಗರ. ರೋಸಾ ಪಾರ್ಕ್ಸ್‌ಗೆ ಆಗ ಬರೀ 42 ವರ್ಷ. ಕೂತಿದ್ದು ಬಸ್ಸಿನ ಮಧ್ಯದ ಸಾಲಿನಲ್ಲಿ. ಬಿಳಿಯರಿಗೆ ಮೀಸಲಾದ ಮುಂದಿನ ಸೀಟುಗಳು ತುಂಬಿದ ಮೇಲೆ, ಬಿಳಿಯರಿಗೆ ಜಾಗ ಬಿಟ್ಟು ಎದ್ದೇಳಲು ಡ್ರೈವರ್ ಹೇಳಿದ, ಅವರು ಏಳಲಿಲ್ಲ, ಬಂಧನವಾಯಿತು. ಮೈ ದಣಿದಿರಲಿಲ್ಲ, ತಲೆಬಾಗಿ ಬಾಗಿ ಸಾಕಾಗಿತ್ತು ಅಂತ ಆಮೇಲೆ ಅವರೇ ಹೇಳಿದ್ದಾರೆ. ಕರಿಯರ ಹಕ್ಕುಗಳ ಸಂಘಟನೆಯಲ್ಲಿ ವರ್ಷಗಟ್ಟಲೆ ದುಡಿದವರು ಬೇರೆ. ಅದೇ ವರ್ಷದ ಮಾರ್ಚ್‌ನಲ್ಲಿ 15ರ ಹುಡುಗಿ ಕ್ಲಾಡೆಟ್ ಕಾಲ್ವಿನ್ ಕೂಡ ಹೀಗೇ ಏಳದೆ ಬಂಧನಕ್ಕೊಳಗಾಗಿದ್ದಳು. ಫಾರ್ವರ್ಡ್‌ನಲ್ಲಿ ಅವಳ ಸುದ್ದಿಯೇ ಇಲ್ಲ, ಅಲ್ವಾ?

ಅಸಲಿ ಕೆಲಸ ಶುರುವಾಗಿದ್ದು ಆ ರಾತ್ರಿ. ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಜೋ ಆನ್ ರಾಬಿನ್ಸನ್, ಸೋಮವಾರ ಯಾರೂ ಬಸ್ ಹತ್ತಬೇಡಿ ಅಂತ ಕಾಲೇಜಿನ ಯಂತ್ರದಲ್ಲೇ ಸಾವಿರಾರು ಕರಪತ್ರ ಅಚ್ಚು ಹಾಕಿದರು. ಆಮೇಲೆ 381 ದಿನ ಜನ ನಡೆದೇ ಹೋದರು, ಕಾರು ಇದ್ದವರು ಇಲ್ಲದವರನ್ನು ಹತ್ತಿಸಿಕೊಂಡರು, ಚರ್ಚುಗಳು ಹಣ ಕೂಡಿಸಿದವು.

ಇನ್ನು ಬಸ್ಸಿನಲ್ಲಿ ಬಿಳಿಯರನ್ನೂ ಕರಿಯರನ್ನೂ ಬೇರೆ ಬೇರೆ ಕೂರಿಸುವ ಕಾನೂನು? ಅದನ್ನು 1956ರಲ್ಲಿ ಬೀಳಿಸಿದ್ದು ಕಾಲ್ವಿನ್ ಸೇರಿ ನಾಲ್ವರು ಹೆಂಗಸರ ಕೇಸು. ಪಾರ್ಕ್ಸ್ ಅದರಲ್ಲಿ ಅರ್ಜಿದಾರರೇ ಅಲ್ಲ.