ಇಪ್ಪತ್ತು ನಿಮಿಷದ ಏಷ್ಯಾ

"ಹಗುರವಾದ, ಏಷ್ಯನ್ ಶೈಲಿಯ ಲೆಟ್ಯೂಸ್ ರ‍್ಯಾಪ್. ವಾರದ ನಡುವಿನ ರಾತ್ರಿಯೂಟಕ್ಕೆ ಕೇವಲ 20 ನಿಮಿಷದಲ್ಲಿ ರೆಡಿ!"

ರೆಸಿಪಿಯ ತಲೆಬರಹವಾಗಿ ಈ ಸಾಲು ಬರೆದವರಿಗೆ ಒಂದು ಸನ್ಮಾನ ಆಗಲೇಬೇಕು. ಇಷ್ಟು ಚಿಕ್ಕ ಜಾಗದಲ್ಲಿ ಇಷ್ಟೊಂದು ಆಶ್ವಾಸನೆ ತುಂಬುವುದು ಚುನಾವಣೆಯ ಪ್ರಣಾಳಿಕೆ ಬರೆಯುವವರಿಗೂ ಸಾಧ್ಯವಾಗಿಲ್ಲ. ಪಾಪ, ಅವರು ಐದು ವರ್ಷ ಟೈಮ್ ಕೇಳುತ್ತಾರೆ.

ಅಡುಗೆ ಏನೂ ದೊಡ್ಡದಲ್ಲ. ಸಲಾಡ್‌ಗೆ ಹಸಿಯಾಗಿ ಹಾಕುವ ಲೆಟ್ಯೂಸ್ ಸೊಪ್ಪಿನ ಒಂದು ಎಲೆ. ಅದರೊಳಗೆ ಕೋಳಿ ಖೀಮಾನೋ, ಪುಡಿ ಮಾಡಿದ ತೋಫುವೋ, ಅಣಬೆಯೋ. ಜೊತೆಗೆ ಶುಂಠಿ, ಬೆಳ್ಳುಳ್ಳಿ, ಸೋಯಾ ಸಾಸ್, ಹೊಯ್ಸಿನ್ ಎಂಬ ಚೀನೀ ಸಾಸ್, ಮೇಲೆ ಒಂದಿಷ್ಟು ಎಳ್ಳೆಣ್ಣೆ. ಹುರಿಯುವುದು, ಎಲೆಗೆ ತುಂಬುವುದು, ಮಡಚಿ ಬಾಯಿಗಿಡುವುದು. ರುಚಿಯ ಬಗ್ಗೆ ನನ್ನದೇನೂ ತಕರಾರಿಲ್ಲ, ಚೆನ್ನಾಗಿಯೇ ಇರುತ್ತದೆ. ತಕರಾರು ಇರುವುದು ಆ ತಲೆಬರಹದ ಬಗ್ಗೆ. ಅದರಲ್ಲಿ ಎಲೆ ಅನ್ನುವುದೊಂದು ನಿಜ. ಉಳಿದದ್ದನ್ನೆಲ್ಲ ಒಂದೊಂದಾಗಿ ವಿಚಾರಣೆಗೆ ಕರೆಯಬೇಕು.

ಮೊದಲು ಆ 20 ನಿಮಿಷ ಬರಲಿ.

ರೆಸಿಪಿಯ ಗಡಿಯಾರ ಎಲ್ಲಿಂದ ಶುರುವಾಗುತ್ತದೆ ಅಂತ ಗಮನಿಸಿದ್ದೀರಾ? "ಬಾಣಲೆ ಬಿಸಿ ಮಾಡಿ" ಎಂಬಲ್ಲಿಂದ. ಅದಕ್ಕೆ ಮುಂಚಿನದೆಲ್ಲ ಸಾಮಾನಿನ ಪಟ್ಟಿಯೊಳಗೆ ಅಡಗಿ ಕೂತಿರುತ್ತದೆ. ಸಣ್ಣಗೆ ಹೆಚ್ಚಿದ ಈರುಳ್ಳಿ, ಒಂದು ಕಪ್. ತುರಿದ ಶುಂಠಿ, ಒಂದು ಚಮಚ. ಸುಲಿದು ಜಜ್ಜಿದ ಬೆಳ್ಳುಳ್ಳಿ, ನಾಲ್ಕು ಎಸಳು. ಕಡ್ಡಿಯಷ್ಟು ಸಣ್ಣಗೆ ಸೀಳಿದ ಕ್ಯಾರೆಟ್. ಹುರಿದು ಮುರಿದ ಗೋಡಂಬಿ. ತೊಳೆದು, ಬಿಡಿಸಿ, ಒಣಗಿಸಿದ ಲೆಟ್ಯೂಸ್ ಎಲೆ, 12. ಹೆಚ್ಚಿದ್ದು ಯಾರು, ತುರಿದದ್ದು ಯಾರು, ಯಾವಾಗ? ಅದೊಂದೂ ಇಲ್ಲ. ಈ ತರಕಾರಿಗಳು ಗಿಡದಲ್ಲಿಯೇ ಹೀಗೆ ಸಣ್ಣಗೆ ಹೆಚ್ಚಿಕೊಂಡು ಬೆಳೆಯುತ್ತವೆ ಅಂತ ತಿಳಿಯಬೇಕು.

ವಿಡಿಯೋದಲ್ಲಿ ಇನ್ನೂ ಸೊಗಸು. ಹಲಗೆಯ ಮೇಲೆ ಇಡೀ ಈರುಳ್ಳಿ. ಚಾಕು ಒಂದು ಸಲ ಕೆಳಗಿಳಿಯುತ್ತದೆ. ಮರುಕ್ಷಣ ಒಂದೇ ಅಳತೆಯ ಚೂರುಗಳ ರಾಶಿ. ಕಣ್ಣೀರಿಲ್ಲ, ಸಿಪ್ಪೆಯಿಲ್ಲ, ಹಲಗೆಯಿಂದ ಜಾರಿ ನೆಲಕ್ಕೆ ಬಿದ್ದ ತುಂಡೂ ಇಲ್ಲ. ಆಮೇಲೆ ಬರುತ್ತವೆ ಪುಟ್ಟ ಪುಟ್ಟ ಗಾಜಿನ ಬಟ್ಟಲು. ಒಂದರಲ್ಲಿ ಶುಂಠಿ, ಒಂದರಲ್ಲಿ ಬೆಳ್ಳುಳ್ಳಿ, ಇನ್ನೊಂದರಲ್ಲಿ ಎರಡೇ ಎರಡು ಚಿಟಿಕೆ ಮೆಣಸಿನ ಚೂರು. ಎರಡು ಚಿಟಿಕೆಗೂ ಸ್ವಂತ ಮನೆ! ಒಂದೊಂದನ್ನೂ ಬಾಣಲೆಗೆ ಬಗ್ಗಿಸುತ್ತಾರೆ, ಬಟ್ಟಲು ಪರದೆಯ ಆಚೆ ಹೋಗುತ್ತದೆ. ಆ ಆಚೆ ಕಡೆ ಯಾರೋ ಅದನ್ನು ತೊಳೆಯುತ್ತಿರಬೇಕಲ್ವಾ? ಅವರ ಸಮಯ ಯಾವ ಲೆಕ್ಕದಲ್ಲೂ ಇಲ್ಲ.

ಈಗ ಆ ಎಲೆಯ ವಿಷಯ. ಇದರ ಮೇಲೆ ಒಂದು ತನಿಖಾ ಆಯೋಗವನ್ನೇ ಕೂರಿಸಬಹುದು. ಎಲೆಕೋಸಿನಂತೆ ಉಂಡೆಯಾಗಿರುವ ಐಸ್‌ಬರ್ಗ್ ಲೆಟ್ಯೂಸ್ ಆದರೆ ಬುಡವನ್ನು ಕಟ್ಟೆಗೆ ಜೋರಾಗಿ ಕುಟ್ಟಿ, ನಡುವಿನ ದಿಂಡನ್ನು ತಿರುಚಿ ಕಿತ್ತು, ಆ ತೂತಿಗೆ ನಲ್ಲಿ ನೀರು ಬಿಡಬೇಕು. ನೀರಿನ ಒತ್ತಡಕ್ಕೆ ಎಲೆಗಳು ತಾವಾಗಿ ಬಿಟ್ಟುಕೊಳ್ಳುತ್ತವೆ. ಉಪಾಯವೇನೋ ಒಳ್ಳೆಯದೇ. ಆದರೂ ಮೂರರಲ್ಲಿ ಒಂದು ಎಲೆ ಹರಿಯುತ್ತದೆ. ಬಿಡಿಸಿದ್ದನ್ನು ಗರಿಗರಿಯಾಗಲು ಹತ್ತು ನಿಮಿಷ ಐಸ್ ನೀರಿನಲ್ಲಿಡಿ ಅನ್ನುತ್ತಾರೆ. ಅಲ್ಲಿಗೇ ಅರ್ಧ ಟೈಮ್ ಖರ್ಚು, ಒಲೆ ಇನ್ನೂ ಹಚ್ಚಿಲ್ಲ. ಆಮೇಲೆ ಒಣಗಿಸಬೇಕು, ಒದ್ದೆ ಇದ್ದರೆ ಒಳಗಿನ ಪಲ್ಯ ಜಾರಿ ಬೀಳುತ್ತದೆ.

ಲೆಟ್ಯೂಸ್ ತೂಕದಲ್ಲಿ ಸುಮಾರು ಶೇಕಡಾ 95ರಷ್ಟು ನೀರೇ. ಅಂದರೆ ಕೆಲಸ ಏನು ಅಂತ ಸ್ವಲ್ಪ ಯೋಚನೆ ಮಾಡಿ. ನೀರಿನಿಂದಲೇ ಆದ ಒಂದು ವಸ್ತುವನ್ನು ನೀರಿನಲ್ಲಿ ತೊಳೆದು, ತಣ್ಣೀರಿನಲ್ಲಿ ನೆನೆಸಿ, ನಂತರ ಹನಿ ನೀರೂ ಇಲ್ಲದಂತೆ ಬಟ್ಟೆಯಲ್ಲಿ ಒರೆಸಬೇಕು. ಎಲೆಯನ್ನು ಗಿರಗಿರ ತಿರುಗಿಸಿ ಒಣಗಿಸಲು ಮನುಷ್ಯ ಒಂದು ಯಂತ್ರವನ್ನೂ ಮಾಡಿಕೊಂಡಿದ್ದಾನೆ. ಸಲಾಡ್ ಸ್ಪಿನ್ನರ್ ಅಂತ ಅದರ ಹೆಸರು. ಅದನ್ನು ಒಣಗಿಸುವ ಯಂತ್ರ ಇನ್ನೂ ಬಂದಿಲ್ಲ.

ಒಲೆಯ ಮೇಲಿನ ಕಥೆ ಬೇಗ ಮುಗಿಯುತ್ತದೆ, ಮುಗಿಯಬೇಕು ಅಂತಾದರೂ ಬರೆದಿದೆ. "ಖೀಮಾ ಹಾಕಿ, ಹೊಂಬಣ್ಣ ಬರುವವರೆಗೆ 5 ನಿಮಿಷ ಹುರಿಯಿರಿ." ಅರ್ಧ ಕಿಲೋ ಖೀಮಾ ಒಟ್ಟಿಗೆ ಬಾಣಲೆಗೆ ಬಿದ್ದರೆ ಅದು ನೀರು ಬಿಡುತ್ತದೆ. ನೀರು ಇರುವಷ್ಟು ಹೊತ್ತು ಬಾಣಲೆಯ ಬಿಸಿ 100 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತದೆ. ಹೊಂಬಣ್ಣ ಬರಲು ಅದಕ್ಕಿಂತ ಸಾಕಷ್ಟು ಜಾಸ್ತಿ, ಸುಮಾರು 140 ಡಿಗ್ರಿಯಾದರೂ ಬೇಕು. ಹಾಗಾಗಿ 5 ನಿಮಿಷಕ್ಕೆ ಸಿಗುವುದು ಬೂದು ಬಣ್ಣದ, ಬೆಂದ, ಮುಖ ಬಾಡಿದ ಖೀಮಾ. ಹೊಂಬಣ್ಣವೇ ಬೇಕು ಅಂದರೆ ಎರಡು ಸಲ ಸ್ವಲ್ಪ ಸ್ವಲ್ಪವೇ ಹಾಕಿ ಹುರಿಯಬೇಕು. ಇದು ರೆಸಿಪಿ ಬರೆಯುವವರಿಗೆ ಗೊತ್ತಿಲ್ಲವೇ? ಚೆನ್ನಾಗಿ ಗೊತ್ತಿದೆ. ಆದರೆ "40 ನಿಮಿಷದಲ್ಲಿ ರೆಡಿ" ಅಂತ ಬರೆದರೆ ಯಾರು ಓದುತ್ತಾರೆ? ಪಕ್ಕದವರು 20 ಅಂದರೆ ಇವರು 15 ಅನ್ನಬೇಕು. ಇನ್ನೊಬ್ಬರು ಬಂದು 10 ಅನ್ನುತ್ತಾರೆ. ಈ ಪೈಪೋಟಿ ಹೀಗೇ ಮುಂದುವರಿದರೆ, ಅಡುಗೆ ಶುರು ಮಾಡುವ ಮೊದಲೇ ಉಂಡು ಮುಗಿಸಿರುವ ಕಾಲ ದೂರವಿಲ್ಲ.

ಇನ್ನು "ಹಗುರ." ಎಲೆ ಹಗುರ, ಒಪ್ಪೋಣ. 100 ಗ್ರಾಂ ಲೆಟ್ಯೂಸ್‌ನಲ್ಲಿ ಸುಮಾರು 15 ಕ್ಯಾಲೊರಿ. ಆದರೆ ಅದರ ಮೇಲೆ "ಪರಿಮಳಕ್ಕೆ" ಅಂತ ಬಿಡುವ ಒಂದು ದೊಡ್ಡ ಚಮಚ ಎಳ್ಳೆಣ್ಣೆಯಲ್ಲಿ ಸುಮಾರು 120 ಕ್ಯಾಲೊರಿ. ಆ ಒಂದು ಚಮಚಕ್ಕೆ ಸರಿದೂಗಲು ಮುಕ್ಕಾಲು ಕಿಲೋಗೂ ಹೆಚ್ಚು ಲೆಟ್ಯೂಸ್ ಮೇಯಬೇಕು. ಒಂದು ದೊಡ್ಡ ಚಮಚ ಸೋಯಾ ಸಾಸ್‌ನಲ್ಲಿ ಹತ್ತಿರ ಹತ್ತಿರ 900 ಮಿಲಿಗ್ರಾಂ ಸೋಡಿಯಂ. ದೊಡ್ಡವರಿಗೆ ದಿನಕ್ಕೆ 2000 ಮಿಲಿಗ್ರಾಂ ದಾಟಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ರೆಸಿಪಿಯಲ್ಲಿ ಮೂರು ಚಮಚ ಸೋಯಾ, ಅದರ ಮೇಲೆ ಸಕ್ಕರೆ ತುಂಬಿದ ಹೊಯ್ಸಿನ್, ಅದ್ದಿಕೊಳ್ಳಲು ಪಕ್ಕದಲ್ಲಿ ಮತ್ತೊಂದು ಬಟ್ಟಲು ಸಾಸ್. ನಾಲ್ಕು ಜನ ಹಂಚಿಕೊಂಡರೆ ಪರವಾಗಿಲ್ಲ ಅನ್ನಿ. ಆ ನಾಲ್ಕು ಜನರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಇಷ್ಟೆಲ್ಲ ಆದರೂ ಪುಣ್ಯವೆಲ್ಲ ಎಲೆಯ ಖಾತೆಗೇ ಜಮಾ. ಕಣ್ಣಿಗೆ ಹಸಿರು ಕಂಡರೆ ಸಾಕು, ಮನಸ್ಸು ಕೂಡಲೇ ಲೆಕ್ಕ ಮುಚ್ಚಿಬಿಡುತ್ತದೆ. ಬ್ರೆಡ್ ತಿನ್ನಲಿಲ್ಲ, ಅನ್ನ ತಿನ್ನಲಿಲ್ಲ, ಹಾಗಾದರೆ ಒಂದು ಐಸ್‌ಕ್ರೀಮ್ ನಡೆಯುತ್ತದೆ ಅಂತ ತೀರ್ಪು ಬರುತ್ತದೆ. ರಾತ್ರಿ ಹತ್ತಕ್ಕೆ ಫ್ರಿಜ್ಜಿನ ದೀಪ ಹೊತ್ತಿಕೊಳ್ಳುವುದಂತೂ ಖಂಡಿತ. ಹಗುರ ಅಂದಿದ್ದು ಹೊಟ್ಟೆಗೆ ಅಂತ ಆಗ ಗೊತ್ತಾಗುತ್ತದೆ.

ಈಗ ಆ ಖಂಡ. ಏಷ್ಯಾದಲ್ಲಿ 40ಕ್ಕೂ ಹೆಚ್ಚು ದೇಶಗಳಿವೆ. 450 ಕೋಟಿಗೂ ಹೆಚ್ಚು ಜನ. ಭೂಮಿಯ ನೆಲದಲ್ಲಿ ಸುಮಾರು ಶೇಕಡಾ 30 ಭಾಗ. ಸೈಬೀರಿಯಾದ ಹಿಮದಿಂದ ಇಂಡೋನೇಷ್ಯಾದ ದ್ವೀಪಗಳವರೆಗೆ, ಅರಬ್ ಮರುಭೂಮಿಯಿಂದ ಜಪಾನ್‌ವರೆಗೆ. ಇಷ್ಟನ್ನೂ ಮೂರು ಚಮಚ ಸೋಯಾ ಸಾಸ್‌ನಲ್ಲಿ ಕರಗಿಸಿ "ಏಷ್ಯಾ ಪ್ರೇರಿತ" ಅನ್ನುತ್ತಾರೆ. ನಾಲ್ಕು ಚಮಚ ಹಾಕಿದರೆ ಏನಾಗುತ್ತದೋ ಗೊತ್ತಿಲ್ಲ, ಬಹುಶಃ ಆಸ್ಟ್ರೇಲಿಯಾವೂ ಸೇರಿಕೊಳ್ಳುತ್ತದೆ. ಸೂಪಿನ ಮೇಲೆ ನಾಲ್ಕು ಹನಿ ಆಲಿವ್ ಎಣ್ಣೆ ಬಿಟ್ಟು "ಯುರೋಪ್ ಪ್ರೇರಿತ" ಅಂತ ಯಾರಾದರೂ ಬರೆದದ್ದನ್ನು ನೋಡಿದ್ದೀರಾ? ಅಲ್ಲಿ ಇಟಲಿ ಬೇರೆ, ಫ್ರಾನ್ಸ್ ಬೇರೆ, ಫ್ರಾನ್ಸಿನೊಳಗೆ ಊರಿಗೊಂದು ಚೀಸ್ ಬೇರೆ. ಅಂದ ಹಾಗೆ ನಾವೂ ಏಷ್ಯಾದವರೇ ಅಲ್ವಾ? ಇಷ್ಟು ಕಾಲ ಯಾರ ಪ್ರೇರಣೆಯೂ ಇಲ್ಲದೆ ಸುಮ್ನೆ ಊಟ ಮಾಡಿಕೊಂಡು ಬಂದೆವು.

ಎಲೆಯಲ್ಲಿ ಸುತ್ತಿ ತಿನ್ನುವ ಪದ್ಧತಿ ಏಷ್ಯಾದ ಹಲವು ಕಡೆ ನಿಜವಾಗಿಯೂ ಇದೆ. ಕೊರಿಯಾದ ಸಾಮ್ ಅಂಥದ್ದು. ಅಂಗೈಯಲ್ಲಿ ಎಲೆ ಇಟ್ಟು, ಅದರ ಮೇಲೆ ಸುಟ್ಟ ಮಾಂಸ, ಬೆಳ್ಳುಳ್ಳಿ, ಸಾಮ್‌ಜಾಂಗ್ ಎಂಬ ಖಾರದ ಗಟ್ಟಿ ಸಾಸ್ ಹಾಕಿ, ಪೂರ್ತಿ ಒಂದೇ ತುತ್ತಿಗೆ ಬಾಯಿಗೆ ತುಂಬುತ್ತಾರೆ. ವಿಯೆಟ್ನಾಂನಲ್ಲಿ ಬಾನ್ ಸೆಯೋ ಎಂಬ ಗರಿಗರಿ ಅಕ್ಕಿಹಿಟ್ಟಿನ ತಿಂಡಿಯನ್ನು ಮುರಿದು, ಎಲೆ ಮತ್ತು ಸೊಪ್ಪುಗಳಲ್ಲಿ ಸುತ್ತಿ ಅದ್ದಿ ತಿನ್ನುತ್ತಾರೆ. ಲಾವೋಸ್‌ನ ಲಾಬ್ ಕೊಚ್ಚಿದ ಮಾಂಸದ್ದು, ಹುಳಿ, ಸೊಪ್ಪು, ಹುರಿದ ಅಕ್ಕಿಯ ಪುಡಿ ಬೆರೆಸಿದ್ದು. ಪಕ್ಕದಲ್ಲಿ ಎಲೆಯೂ ಇರುತ್ತದೆ, ಅಂಟು ಅನ್ನವೂ ಇರುತ್ತದೆ. ಸಾಮ್ ಎಲೆಯೊಳಗೂ ಅನ್ನ ಇಡುವವರಿದ್ದಾರೆ. ಅನ್ನ! ಯಾವ ಅನ್ನವನ್ನು ಓಡಿಸಲು ನಮ್ಮ ರೆಸಿಪಿ ಎಲೆಯನ್ನು ಕರೆತಂದಿತೋ, ಅದೇ ಅನ್ನ ಅಲ್ಲಿ ಎಲೆಯ ಮಡಿಲಲ್ಲಿ ಕೂತಿದೆ. ತವರಿನಲ್ಲಿ ಎಲೆ ಯಾರ ಬದಲಿಗೂ ಬಂದದ್ದಲ್ಲ. ಅದು ಎಲೆಯಾಗಿಯೇ ಊಟಕ್ಕೆ ಬಂದಿತ್ತು.

ಅಮೆರಿಕದಲ್ಲಿ ಇದು ಮನೆಮಾತಾದ ದಾರಿಯೂ ಸ್ವಾರಸ್ಯದ್ದೇ. ದಕ್ಷಿಣ ಚೀನಾದ ಕ್ಯಾಂಟನೀಸ್ ಅಡುಗೆಯಲ್ಲಿ ಕೊಚ್ಚಿದ ಪಾರಿವಾಳದ ಮಾಂಸವನ್ನು ಲೆಟ್ಯೂಸ್‌ನಲ್ಲಿ ಕೊಡುವ ರೂಢಿ ಇದೆ. ಸೆಸಿಲಿಯಾ ಚಿಯಾಂಗ್ 1961ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ತೆರೆದ ಮ್ಯಾಂಡರಿನ್ ರೆಸ್ಟೋರೆಂಟ್‌ನಲ್ಲಿ ಆ ಬಗೆಯ ಅಡುಗೆ ಸಿಗುತ್ತಿತ್ತು. ಅವರ ಮಗ ಫಿಲಿಪ್ ಚಿಯಾಂಗ್, ಪಾಲ್ ಫ್ಲೆಮಿಂಗ್ ಜೊತೆ ಸೇರಿ 1993ರಲ್ಲಿ ಅರಿಝೋನಾದಲ್ಲಿ ಪಿ.ಎಫ್. ಚಾಂಗ್ಸ್ ಎಂಬ ರೆಸ್ಟೋರೆಂಟ್ ಶುರು ಮಾಡಿದರು. ಪಾರಿವಾಳ ಹೋಗಿ ಕೋಳಿ ಬಂತು, ಪ್ರಸಿದ್ಧಿಯೂ ಬಂತು. ಅಲ್ಲಿಯವರೆಗೆ ಯಾವ ತಪ್ಪೂ ಇಲ್ಲ, ಅಡುಗೆ ಊರು ಬದಲಿಸಿದರೆ ವೇಷವನ್ನೂ ಬದಲಿಸುತ್ತದೆ. ಆಮೇಲೆ ಡಯಟ್‌ನವರ ಕಣ್ಣಿಗೆ ಬಿತ್ತು ನೋಡಿ, ಅಲ್ಲಿಂದ ಎಲೆಗೆ ನೆಮ್ಮದಿಯಿಲ್ಲ. ಬರ್ಗರಿನ ಬನ್ ತೆಗೆದು ಎಲೆ, ಟಾಕೋದ ರೊಟ್ಟಿ ತೆಗೆದು ಎಲೆ.

ಚೀನೀ ಹೊಸ ವರ್ಷದ ಸಿಂಹನೃತ್ಯದಲ್ಲಿ ಸಿಂಹಕ್ಕೂ ಲೆಟ್ಯೂಸ್ ಕೊಡುತ್ತಾರೆ. ಅದು ಬಾಯಿಗೆ ಹಾಕಿಕೊಂಡು, ಜಗಿದಂತೆ ಮಾಡಿ, ಎಲ್ಲವನ್ನೂ ಜನರ ಕಡೆಗೆ ಎಸೆದುಬಿಡುತ್ತದೆ. ಎಷ್ಟಾದರೂ ಸಿಂಹ.

ತಿನ್ನುವ ಸಂಭ್ರಮಕ್ಕೆ ಬರೋಣ. ಫೋಟೋದಲ್ಲಿ ಆ ರ‍್ಯಾಪ್ ಬಟ್ಟಲಿನಂತೆ ಬಾಯ್ತೆರೆದು ನಿಂತಿರುತ್ತದೆ, ಮೇಲೆ ನಾಲ್ಕು ಎಳ್ಳು. ಕಚ್ಚಿದ ಮೇಲಿನ ಫೋಟೋ ಮಾತ್ರ ಎಲ್ಲೂ ಸಿಗುವುದಿಲ್ಲ. ಯಾಕಂದರೆ ಈ ಕಡೆ ಕಚ್ಚಿದರೆ ಆ ಕಡೆ ಬಾಗಿಲು ತೆರೆಯುತ್ತದೆ. ಐಸ್‌ಬರ್ಗ್ ಎಲೆ ಮಡಚಿದ ಕಡೆ ಫಟ್ ಅಂತ ಸೀಳುತ್ತದೆ. ಬಟರ್ ಲೆಟ್ಯೂಸ್ ಸೌಮ್ಯ ಸ್ವಭಾವದ್ದು, ಹೇಳಿದಂತೆ ಮಡಚಿಕೊಳ್ಳುತ್ತದೆ, ಆದರೆ ಬಿಸಿ ಸಾಸ್ ತಗುಲಿದರೆ ಕುಸಿದು ಕೂರುತ್ತದೆ. ರೊಮೇನ್ ಎಂಬ ಲೆಟ್ಯೂಸ್ ಉದ್ದನೆಯದು, ಅದಕ್ಕೆ ಎರಡೂ ತುದಿಯಲ್ಲಿ ಗೋಡೆಯೇ ಇಲ್ಲ. ಸಾಸ್ ಮಣಿಕಟ್ಟು ದಾಟಿ ಮೊಣಕೈ ಕಡೆ ಹೊರಡುತ್ತದೆ. ಮೊದಲನೆಯದನ್ನು ಎಲ್ಲರೂ ಶಾಸ್ತ್ರಕ್ಕೆ ಮಡಚಿ ತಿನ್ನುತ್ತಾರೆ. ಎರಡನೆಯದಕ್ಕೆ ತಟ್ಟೆಯ ಮೇಲೆ ಬಗ್ಗುತ್ತಾರೆ. ಮೂರನೆಯದಕ್ಕೆ ಯಾರೋ ಒಬ್ಬರು ಮಾತಾಡದೆ ಎದ್ದು ಹೋಗಿ ಚಮಚ ತರುತ್ತಾರೆ. ಉಳಿದವರು "ನನಗೂ ಒಂದು" ಅನ್ನುತ್ತಾರೆ. ಆಮೇಲೆ ತಟ್ಟೆಯಲ್ಲಿರುವುದು ಖೀಮಾ, ಪಕ್ಕದಲ್ಲಿ ಹರಿದ ಎಲೆ. ಅಷ್ಟು ಒರೆಸಿದ್ದೆಲ್ಲ ಇದಕ್ಕಾ?

ಇಷ್ಟಕ್ಕೇ ಮುಗಿಯುವುದಿಲ್ಲ. "ಮನೆಯಲ್ಲಿ ಈಗಾಗಲೇ ಇರುವ ಸಾಮಾನು" ಎಂಬ ಭರವಸೆ ನಂಬಿ ಕೊಂಡು ತಂದ ಬಾಟಲಿಗಳು ಫ್ರಿಜ್ಜಿನ ಬಾಗಿಲಲ್ಲಿ ಸಾಲಾಗಿ ನಿಂತಿವೆ. ಹೊಯ್ಸಿನ್, ಆಯ್ಸ್ಟರ್ ಸಾಸ್, ಅಕ್ಕಿಯ ವಿನೆಗರ್. ಪ್ರತಿಯೊಂದರಿಂದಲೂ ಒಂದು ಚಮಚ ಖರ್ಚಾಗಿದೆ. ಕೆಳಗಿನ ಡ್ರಾಯರಿನಲ್ಲಿ ಉಳಿದರ್ಧ ಲೆಟ್ಯೂಸ್. 2022ರ ಅಕ್ಟೋಬರಿನಲ್ಲಿ ಬ್ರಿಟನ್ನಿನ ಡೈಲಿ ಸ್ಟಾರ್ ಪತ್ರಿಕೆ ಒಂದು ಐಸ್‌ಬರ್ಗ್ ಲೆಟ್ಯೂಸ್‌ಗೆ ವಿಗ್ ತೊಡಿಸಿ ಕ್ಯಾಮೆರಾ ಮುಂದೆ ಕೂರಿಸಿತ್ತು. ಆಗಿನ ಪ್ರಧಾನಿ ಲಿಜ್ ಟ್ರಸ್ ಕುರ್ಚಿಯಲ್ಲಿ ಜಾಸ್ತಿ ದಿನ ಬಾಳುತ್ತಾರೋ, ಲೆಟ್ಯೂಸ್ ಬಾಳುತ್ತದೋ ಅಂತ ಪಂದ್ಯ. ಲೆಟ್ಯೂಸೇ ಗೆದ್ದಿತು. ಆ ತಳಿಯನ್ನು ಪತ್ರಿಕೆಯವರು ಎಲ್ಲಿಂದ ತಂದರೋ, ನಮ್ಮ ಡ್ರಾಯರಿನದು ಶುಕ್ರವಾರ ಬರುವಷ್ಟರಲ್ಲಿ ರಾಜೀನಾಮೆ ಕೊಟ್ಟಿರುತ್ತದೆ.

ಹಾಗಂತ ಮಾಡಬೇಡಿ ಅನ್ನುತ್ತಿಲ್ಲ. ಧಾರಾಳವಾಗಿ ಮಾಡಿ. ಎಲೆ ಎರಡೆರಡು ಜೋಡಿಸಿ ಹಿಡಿಯಿರಿ. ಸಾಸ್‌ಗೆ ಒಂದು ಚಮಚ ಕಾರ್ನ್‌ಫ್ಲೋರ್ ಕದಡಿ ಗಟ್ಟಿ ಮಾಡಿ, ಆಗ ಅದು ಮೊಣಕೈ ಯಾತ್ರೆ ಹೊರಡುವುದಿಲ್ಲ. ಹುರಿದದ್ದನ್ನು ಸ್ವಲ್ಪ ಆರಲು ಬಿಡಿ. ಹಸಿವಿದ್ದರೆ ಎಲೆಯೊಳಗೆ ಅನ್ನವನ್ನೂ ಇಡಿ, ಕೊರಿಯಾದವರು ಬೇಡ ಅನ್ನುವುದಿಲ್ಲ. ನನ್ನ ಬೇಡಿಕೆ ರೆಸಿಪಿ ಬರೆಯುವವರಿಗೆ ಮಾತ್ರ. ಔಷಧಿ ಪೊಟ್ಟಣದ ಮೇಲೆ ಬರೆಯುವ ಹಾಗೆ ಕೆಳಗೆ ಸಣ್ಣಕ್ಷರದಲ್ಲಾದರೂ ಹಾಕಿ: ಈ ಸಮಯವು ಕೈ ಕೆಳಗೆ ಇಬ್ಬರು ಸಹಾಯಕರಿರುವವರಿಗೆ ಅನ್ವಯ. ಪಾತ್ರೆ ತೊಳೆಯುವುದು ಪ್ರತ್ಯೇಕ. ಖಂಡದ ಹೆಸರು ಅಲಂಕಾರಕ್ಕೆ ಮಾತ್ರ.

ಇನ್ನು ಆ ನಾಲ್ಕು ಜನ. ರೆಸಿಪಿಯ ತಲೆಯಲ್ಲಿ ದಪ್ಪ ಅಕ್ಷರದಲ್ಲಿ "4 ಜನರಿಗೆ ಸಾಕು" ಅಂತ ಬರೆದಿರುತ್ತದೆ. ಒಬ್ಬರು ನಾನು, ಹೊಟ್ಟೆ ತುಂಬ ತಿಂದೆ. ಉಳಿದ ಮೂವರು ಏನು ತಿನ್ನಬೇಕು ಅಂತ ಅದರಲ್ಲಿ ಎಲ್ಲೂ ಬರೆದಿಲ್ಲ.