ದುಡ್ಡು ಕೊಟ್ಟು ಕೆಡಿಸಿಕೊಂಡ ಸೌಂಡು

ನಮ್ಮ ಮನೆಯಲ್ಲಿ ಕೆಟ್ಟ ವಸ್ತು ಒಂದು ದಿನವೂ ಹಾಗೇ ಇರಲು ಅಮ್ಮ ಬಿಡುವುದಿಲ್ಲ. ಮಿಕ್ಸಿ ಜಾರಿನ ವಾಷರ್ ಹೋದರೆ ಅವತ್ತೇ ಹೊಸದು. ಫ್ಯಾನು ಕಟಕಟ ಅಂದರೆ ಮರುದಿನ ಎಲೆಕ್ಟ್ರಿಷಿಯನ್ ಬಾಗಿಲಲ್ಲಿ. ಅಂಥ ಮನೆಯಲ್ಲಿ ಬೆಳೆದ ನಾನು, ನಲವತ್ಮೂರನೇ ವಯಸ್ಸಿನಲ್ಲಿ, ಚೆನ್ನಾಗಿ ಕೇಳಿಸುತ್ತಿದ್ದ ಗಿಟಾರನ್ನು ಕೆಟ್ಟದಾಗಿ ಕೇಳಿಸುವ ಹಾಗೆ ಮಾಡಲು ಐದೂವರೆ ಸಾವಿರ ರೂಪಾಯಿ ಕೊಟ್ಟು ಒಂದು ಡಬ್ಬಿ ತಂದೆ. ಏನೋ ಅದು ಅಂತ ಅಮ್ಮ ಕೇಳಿದರು. ಹೇಗೆ ಹೇಳುವುದು ಅಂತ ತಿಳಿಯದೆ "ಆಫೀಸಿಂದು" ಅಂದುಬಿಟ್ಟೆ.

ಈ ಹುಚ್ಚು ಅಂಟಿಕೊಂಡಿದ್ದು ತಿಪಟೂರಿನ ಕಡೆಯ ನಮ್ಮೂರ ಗಣೇಶೋತ್ಸವದಲ್ಲಿ. ನಾನಾಗ ಆರನೇ ಕ್ಲಾಸು. ಆರ್ಕೆಸ್ಟ್ರಾ ಬಂದಿತ್ತು. ಮೈಕ್ ಸೆಟ್ಟಿನವರು ತೆಂಗಿನ ಮರಕ್ಕೆ ಹಾರ್ನ್ ಸ್ಪೀಕರ್ ಬಿಗಿದಿದ್ದರು. ಗಿಟಾರಿನವನು ತಂತಿ ಮೀಟಿದ. ಮರದ ಮೇಲಿನ ಹಾರ್ನು ಅದನ್ನು ನುಂಗಿ, ಜಗಿದು, ಊರ ಮೇಲೆ ಉಗುಳಿತು. ಗರ್ರ್ ಅಂತ ಒಂದು ಸದ್ದು. ನನ್ನ ಮೈಯೆಲ್ಲ ಜುಂ ಅಂದಿತು. ಗಿಟಾರ್ ಅಂದರೆ ಇದೇ ಅಂತ ಅವತ್ತೇ ತೀರ್ಮಾನ ಮಾಡಿಬಿಟ್ಟೆ. ಆ ಹಾರ್ನಿನ ಒಳಗೆ ಏನೋ ಒಡೆದಿತ್ತು, ಅದಕ್ಕೆ ಮೈಕ್ ಸೆಟ್ಟಿನವರು ಕಮಿಟಿಯವರ ಕೈಲಿ ಬೈಸಿಕೊಂಡರು ಅನ್ನುವುದು ಎಷ್ಟೋ ವರ್ಷದ ಮೇಲೆ ಗೊತ್ತಾಯಿತು. ಅಷ್ಟರಲ್ಲಿ ಕಿವಿ ಕೆಟ್ಟಾಗಿತ್ತು.

ಮನೆ ಸಾಲ ತೀರಿದ ಖುಷಿಗೆ ಒಂದು ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಿಕ್ ಗಿಟಾರ್, ಅದರ ಸದ್ದು ಏರಿಸಿ ಕೇಳಿಸುವ ಹತ್ತು ವಾಟಿನ ಪುಟ್ಟ ಆಂಪ್ ತಂದೆ. ಮೀಟಿದರೆ ಟಿಣ್ ಅಂತ ದೇವರ ಮನೆ ಗಂಟೆಯ ಹಾಗೆ ಶುದ್ಧವಾಗಿ ಕೇಳಿಸಿತು. ಅಮ್ಮನಿಗೆ ಇಷ್ಟವಾಯಿತು. ನನಗೆ ತೆಂಗಿನ ಮರ ನೆನಪಾಯಿತು.

ಅಂಗಡಿಗೆ ಹೋಗಿ ಗರ್ರ್ ಅನ್ನೋ ಸೌಂಡು ಬೇಕು ಅಂದೆ. ಕೌಂಟರಿನ ಹುಡುಗ ತಲೆ ಎತ್ತಿ ನೋಡಿ, "ಯಾವ ಥರ ಸಾರ್? ಓವರ್‌ಡ್ರೈವಾ, ಡಿಸ್ಟಾರ್ಷನ್ನಾ, ಫಜ್ಜಾ?" ಅಂದ. ಹೆಂಡತಿ ಜೊತೆಗಿಲ್ಲದೆ ಸೀರೆ ಅಂಗಡಿ ಹೊಕ್ಕ ಗಂಡಸಿನ ಪಾಡು ನನ್ನದು. "ಮಧ್ಯದ್ದು ಕೊಡಪ್ಪ" ಅಂದೆ. ಮಧ್ಯದ್ದು ಅಂದರೆ ಏನು ಅಂತ ಮನೆಗೆ ಬಂದು ರಾತ್ರಿ ಎರಡು ಗಂಟೆಯವರೆಗೆ ವಿಡಿಯೋ ನೋಡಿ ತಿಳಿದುಕೊಂಡೆ.

ತೀರಾ ಕಷ್ಟದ ವಿಷಯವಲ್ಲ. ಪಾವಿಗೆ ಅಕ್ಕಿ ತುಂಬಿದಾಗ ಮೇಲೊಂದು ಗೋಪುರ ನಿಲ್ಲುತ್ತದಲ್ಲ, ಗಿಟಾರಿನ ಸಿಗ್ನಲ್ಲಿಗೂ ಹಾಗೆ ಒಂದೊಂದು ಅಲೆಗೆ ಒಂದೊಂದು ಗೋಪುರ. ಕಾಲಲ್ಲಿ ಒತ್ತುವ ಈ ಡಬ್ಬಿಗೆ ಪೆಡಲು ಅಂತ ಹೆಸರು. ಅದು ಮೊದಲು ಸಿಕ್ಕಾಪಟ್ಟೆ ಅಕ್ಕಿ ಸುರಿದು ಗೋಪುರ ಎತ್ತರ ಮಾಡುತ್ತದೆ. ಆಮೇಲೆ ಅದನ್ನು ಅಂಗೈಯಲ್ಲಿ ಮೆತ್ತಗೆ ಸವರಿದರೆ ತುದಿ ದುಂಡಗಾಗಿ ತಗ್ಗುತ್ತದೆ. ಅದು ಓವರ್‌ಡ್ರೈವ್. ಸ್ಕೇಲ್ ಪಟ್ಟಿ ಇಟ್ಟು ಸರ್ರನೆ ಎಳೆದರೆ ಮಟ್ಟಸ. ಅದು ಡಿಸ್ಟಾರ್ಷನ್. ಪಾವನ್ನೇ ಎತ್ತಿ ಅಂಗಳಕ್ಕೆ ಎಸೆದರೆ ಫಜ್.

ಇದರ ಚರಿತ್ರೆ ಓದಿದ ಮೇಲೆ ನನ್ನ ಹಾರ್ನಿನ ಬಗ್ಗೆ ಇದ್ದ ಗೌರವ ಇನ್ನೂ ಜಾಸ್ತಿಯಾಯಿತು. ಎಲ್ಲ ಶುರುವಾಗಿದ್ದೇ ಏನೋ ಒಂದು ಕೆಟ್ಟು ಹೋಗಿ. 1951ರಲ್ಲಿ ಅಮೆರಿಕದ ಮೆಂಫಿಸ್‌ಗೆ ರೆಕಾರ್ಡಿಂಗಿಗೆ ಹೊರಟ ಐಕ್ ಟರ್ನರ್ ತಂಡದ ಗಿಟಾರ್ ಆಂಪ್ ದಾರಿಯಲ್ಲಿ ಹಾಳಾಯಿತು. ಕಾರಿನಿಂದ ಬಿತ್ತು ಅಂತ ಕೆಲವರು, ಮಳೆಯಲ್ಲಿ ನೆನೆಯಿತು ಅಂತ ಇನ್ನು ಕೆಲವರು. ಸ್ಪೀಕರಿಗೆ ಕಾಗದ ತುರುಕಿ ಹಾಗೇ ನುಡಿಸಿದರು, ಹಾಡು ಗೆದ್ದಿತು. 1960-61ರ ಸುಮಾರಿಗೆ ನ್ಯಾಶ್‌ವಿಲ್ಲಿನ ಸ್ಟುಡಿಯೋದಲ್ಲಿ ಗ್ರೇಡಿ ಮಾರ್ಟಿನ್ ಬೇಸ್ ಗಿಟಾರ್ ನುಡಿಸುವಾಗ ಸೌಂಡ್ ಮಿಕ್ಸರಿನ ಒಂದು ಚಾನಲ್ ಕೈಕೊಟ್ಟಿತು. ಆ ಕೆಟ್ಟ ಸೌಂಡನ್ನು ಹಾಗೇ ಉಳಿಸಿಕೊಂಡರು. ಅಲ್ಲಿದ್ದ ಎಂಜಿನಿಯರ್ ಗ್ಲೆನ್ ಸ್ನಾಡಿ, ಕೆಟ್ಟಿದ್ದು ಹೇಗೆ ಅಂತ ಹುಡುಕಿ, ಬೇಕೆಂದಾಗ ಕೆಡುವ ಹಾಗೆ ಒಂದು ಡಬ್ಬಿ ಮಾಡಿದ. 1962ರಲ್ಲಿ ಅದು ಮೇಸ್ಟ್ರೋ ಫಜ್ ಟೋನ್ ಅಂತ ಅಂಗಡಿಗೆ ಬಂತು. ಹಾಲು ಸೀದುಹೋದ ಮನೆಯವರು ಅದಕ್ಕೊಂದು ಹೆಸರಿಟ್ಟು ಸ್ವೀಟ್ ಸ್ಟಾಲ್ ತೆರೆದ ಹಾಗೆ. ಇನ್ನು ಇಂಗ್ಲೆಂಡಿನ ಕಿಂಕ್ಸ್ ತಂಡದ ಡೇವ್ ಡೇವೀಸ್. ಆ ಹುಡುಗ ತನ್ನ ಆಂಪಿನ ಸ್ಪೀಕರನ್ನು ಬ್ಲೇಡಿನಲ್ಲಿ ಸೀಳಿ, 1964ರಲ್ಲಿ ಅದೇ ಸೌಂಡಿನಲ್ಲಿ ಹಾಡು ಹಿಟ್ ಮಾಡಿದ. ನಮ್ಮ ಮನೆಯಲ್ಲಿ ಹುಟ್ಟಿದ್ದರೆ ಬ್ಲೇಡು ಕಿತ್ತುಕೊಂಡು ಬೆನ್ನಿಗೆ ನಾಲ್ಕು ಬಿಟ್ಟು, ಸ್ಪೀಕರಿಗೆ ಫೆವಿಕಾಲ್ ಹಚ್ಚಿಸುತ್ತಿದ್ದರು.

ಇರಲಿ. ನನ್ನ ಡಬ್ಬಿಯನ್ನು ಮರುದಿನ ಸಿಕ್ಕಿಸಿ, ಮೂರು ತಿರುಪುಗಳನ್ನೂ ಪೂರ್ತಿ ತಿರುಗಿಸಿ, ಕಾಲಲ್ಲಿ ಒತ್ತಿದೆ. ಬಿಸ್ಕತ್ತಿನ ಡಬ್ಬಿಯೊಳಗೆ ಜೀರುಂಡೆ ಸಿಕ್ಕಿಕೊಂಡ ಹಾಗೆ ಕೇಳಿಸಿತು. ಕೆಳಗಿನ ಮನೆಯ ಅಂಕಲ್ ಫೋನ್ ಮಾಡಿ, "ಡ್ರಿಲ್ಲಿಂಗ್ ಎಷ್ಟು ಹೊತ್ತಪ್ಪಾ?" ಅಂತ ಕೇಳಿದರು. ಇನ್ನು ಐದು ನಿಮಿಷ ಅಂಕಲ್ ಅಂದೆ. ಇನ್ನೇನು ಹೇಳಲಿ?

ಪೆಡಲನ್ನು ಬೈದು ಪ್ರಯೋಜನವಿಲ್ಲ. ವಿಡಿಯೋದಲ್ಲಿ ನುಡಿಸುವವರ ಬೆನ್ನ ಹಿಂದೆ ಬೀರುವಿನಷ್ಟು ಎತ್ತರದ ಆಂಪ್ ಇರುತ್ತದೆ, ಅದು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ನಮಗೆ ಕಾಣುವುದು ಕಾಲಡಿಯ ಡಬ್ಬಿ ಮಾತ್ರ. ನಾನು ಡಬ್ಬಿಯದೇ ತಪ್ಪು ಅಂದುಕೊಂಡು ಎರಡನೆಯದಕ್ಕೆ ಹೊರಟೆ.

ಎರಡನೆಯದು ಹಸಿರು ಬಣ್ಣದ್ದು. ಐಬನೀಸ್ ಕಂಪನಿಯವರ ಟ್ಯೂಬ್ ಸ್ಕ್ರೀಮರ್ ಅಂತ ಓವರ್‌ಡ್ರೈವ್ ಒಂದಿದೆ, ಎಪ್ಪತ್ತರ ದಶಕದ ಕೊನೆಗೆ ಬಂದಿದ್ದು, ಅಮೆರಿಕದ ಗಿಟಾರ್ ವಾದಕ ಸ್ಟೀವಿ ರೇ ವಾನ್ ಕಾಲಿಟ್ಟು ಪಾವನ ಮಾಡಿದ್ದು. ಅದೇ ನಮೂನೆಯ ಒಂದು ಅಗ್ಗದ ನಕಲು ತಂದೆ. ಅಸಲಿಯಾಗಲಿ ನಕಲಾಗಲಿ, ಈ ಜಾತಿಯ ಪೆಡಲು ತಾನೇ ಜಾಸ್ತಿ ಕೂಗುವುದಿಲ್ಲ. ತಳದ ಸ್ವರ ಸ್ವಲ್ಪ ಕತ್ತರಿಸಿ, ನಡುವಿನದನ್ನು ಉಬ್ಬಿಸಿ, ಹಳೇ ರೇಡಿಯೋದಂತೆ ಗಾಜಿನ ವಾಲ್ವ್ ಇರುವ, ಆಗಲೇ ಕಾದು ಕೂತ ಆಂಪನ್ನು ಹಿಂದಿನಿಂದ ನೂಕುತ್ತದೆ. ಕೂಗುವ ಕೆಲಸ ಆಂಪಿನದು. ಮನೆಯಲ್ಲಿ ಕೂತು "ಹೋಗಿ ಕೇಳು, ಹೋಗಿ ಕೇಳು" ಅಂತ ಚಿವುಟಿ, ಜಗಳಕ್ಕೆ ಬೇರೆಯವರನ್ನು ಕಳಿಸುವವರು ಇರುತ್ತಾರಲ್ಲ, ಹಾಗೆ. ನನ್ನ ಹತ್ತು ವಾಟಿನ ಟ್ರಾನ್ಸಿಸ್ಟರ್ ಆಂಪು ಜಗಳಕ್ಕೆ ಹೋಗುವ ಪೈಕಿ ಅಲ್ಲ. ಎಷ್ಟು ಚಿವುಟಿದರೂ ಮೂಗು ಕಟ್ಟಿದವರ ಹಾಗೆ ಗೊಣಗಿತು, ಅಷ್ಟೇ. ಅಮ್ಮ ಇಣುಕಿ ನೋಡಿ, "ಅದಕ್ಕೂ ನೆಗಡಿನಾ?" ಅಂದರು.

ಮೂರನೆಯದು ಫಜ್. ಸಹೋದ್ಯೋಗಿಯೊಬ್ಬರ ಹತ್ತಿರ ಎರವಲು ತಂದದ್ದು, ಜೊತೆಗೆ ಅಡುಗೆ ಮನೆಯವರೆಗೆ ಎಟುಕುವಷ್ಟು ಉದ್ದದ ಅವರದೇ ಹಳೇ ಕೇಬಲ್. ಸಂಜೆ ಏಳರ ಹೊತ್ತಿಗೆ ಪೂರ್ತಿ ತಿರುಗಿಸಿ ಒತ್ತಿದೆ. ತಂತಿ ಮುಟ್ಟಿರಲಿಲ್ಲ. ಆಂಪಿನೊಳಗಿನಿಂದ ಗಂಡಸೊಬ್ಬರು ಗಂಭೀರವಾಗಿ ಕನ್ನಡದಲ್ಲಿ ಮಳೆಯ ಮುನ್ಸೂಚನೆ ಹೇಳತೊಡಗಿದರು. ಕರಾವಳಿಯ ಕೆಲವೆಡೆ, ಉತ್ತರ ಒಳನಾಡಿನ ಒಂದೆರಡು ಕಡೆ. ನಾನು ಗಿಟಾರು ಕೈಬಿಟ್ಟು ಎರಡು ಹೆಜ್ಜೆ ಹಿಂದೆ ಸರಿದೆ.

ಭೂತವಲ್ಲ, ಮೀಡಿಯಂ ವೇವ್. ಉದ್ದದ ಕೇಬಲ್ಲು ಏರಿಯಲ್ಲಿನ ಹಾಗೆ ರೇಡಿಯೋ ಅಲೆ ಹಿಡಿಯುತ್ತದೆ. ಪೆಡಲಿನೊಳಗಿನ ಟ್ರಾನ್ಸಿಸ್ಟರು ಅದರಿಂದ ಮಾತನ್ನು ಬಿಡಿಸಿ ಕೊಡುತ್ತದೆ. ಅದನ್ನು ಸಾವಿರ ಪಟ್ಟು ಎತ್ತಿ ಕೊಡುವುದಕ್ಕೆ ಫಜ್ ಇದ್ದೇ ಇದೆ. ಕೇಬಲ್ಲಿನ ಶೀಲ್ಡ್ ಎಲ್ಲೋ ಬಿಟ್ಟುಕೊಂಡಿದ್ದರೆ ಕೇಳುವುದೇ ಬೇಡ. ಅಮ್ಮ ಕುರ್ಚಿ ಎಳೆದುಕೊಂಡು ಬಂದು ಕೂತರು. "ಇಷ್ಟು ದಿನಕ್ಕೆ ಒಂದು ಉಪಯೋಗದ್ದು ತಂದೆ ನೋಡು" ಅಂದರು. ಮಾರನೇ ದಿನ ಫಜ್ ವಾಪಸ್ ಕೊಟ್ಟಾಗ ಬೇಜಾರಾಗಿದ್ದು ಅವರಿಗೆ ಮಾತ್ರ.

ಬ್ಯಾಟರಿ ವಿಷಯ ಹೇಳದಿದ್ದರೆ ತಪ್ಪಾಗುತ್ತದೆ. ಈ ಡಬ್ಬಿಗಳಿಗೆ ಒಂಬತ್ತು ವೋಲ್ಟಿನ ಚೌಕದ ಬ್ಯಾಟರಿ. ಕಾಲಲ್ಲಿ ಒತ್ತಿ ದೀಪ ಆರಿಸಿದರೆ ಆಫ್ ಆಯಿತು ಅಂತ ನಾವು ಮಲಗುತ್ತೇವೆ. ಅದು ಆಫ್ ಆಗಿರುವುದಿಲ್ಲ. ಗಿಟಾರಿನ ಕೇಬಲ್ ಸಿಕ್ಕಿಸಿದ್ದೇ ಅದರ ನಿಜವಾದ ಸ್ವಿಚ್. ಕಿತ್ತಿಡದಿದ್ದರೆ ರಾತ್ರಿಯಿಡೀ ಕುಡಿಯುತ್ತಲೇ ಇರುತ್ತದೆ. ಇದು ಗೊತ್ತಾಗುವ ಹೊತ್ತಿಗೆ ನಾಲ್ಕು ಬ್ಯಾಟರಿ ಸತ್ತಿದ್ದವು.

ಐದನೆಯದಕ್ಕೆ ದುಡ್ಡು ಹಾಕುವ ಬದಲು ಸುಮ್ನೆ ಸುತ್ತ ಕಣ್ಣಾಡಿಸಿದೆ. ವೈಫೈ ಡಬ್ಬಿಯ ಅಡಾಪ್ಟರ್ ಕಂಡಿತು. ಅದರ ಮೇಲೂ ಒಂಬತ್ತು ವೋಲ್ಟ್ ಅಂತಲೇ ಬರೆದಿತ್ತು. ಪಿನ್ನೂ ಅದೇ ಅಳತೆ. ದೇವರೇ ಕೊಟ್ಟ ಅಂತ ಕಿತ್ತು ಪೆಡಲಿಗೆ ಸಿಕ್ಕಿಸಿದೆ. ಒಂದೇ ಕ್ಷಣಕ್ಕೆ ಎರಡು ಸಂಗತಿ ನಡೆದವು. ಡಬ್ಬಿಯಿಂದ ಸುಟ್ಟ ಮೀನಿನಂಥ ವಾಸನೆ ಬಂತು. ಪಕ್ಕದ ರೂಮಿನಿಂದ "ರೀ! ನೆಟ್ ಏನಾಯ್ತ್ರೀ? ಮೀಟಿಂಗಲ್ಲಿದೀನಿ!" ಅಂತ ದನಿ ಬಂತು. ಆ ದನಿಗೆ ಯಾವ ಪೆಡಲೂ ಬೇಕಿರಲಿಲ್ಲ.

ಮನೆಯ ಬಹುತೇಕ ಅಡಾಪ್ಟರುಗಳಲ್ಲಿ ಪಿನ್ನಿನ ಒಳಭಾಗ ಪ್ಲಸ್, ಹೊರಭಾಗ ಮೈನಸ್. ಬಹುತೇಕ ಗಿಟಾರ್ ಪೆಡಲುಗಳಲ್ಲಿ ಇದು ತದ್ವಿರುದ್ಧ, ಒಳಗೆ ಮೈನಸ್. ಅಡಾಪ್ಟರಿನ ಮೇಲೆ ಸಾಸಿವೆ ಗಾತ್ರದ ಒಂದು ಚಿತ್ರದಲ್ಲಿ ಅದನ್ನು ಬರೆದಿರುತ್ತಾರೆ. ನಲವತ್ತು ದಾಟಿದವರ ಕಣ್ಣಿಗೆ ಅದು ಕಾಣುವುದು ವಾಸನೆ ಬಂದ ಮೇಲೆ.

ಶನಿವಾರ ಪೆಡಲನ್ನು ಚೀಲಕ್ಕೆ ಹಾಕಿಕೊಂಡು ಎಲೆಕ್ಟ್ರಾನಿಕ್ ಸಾಮಾನಿನ ಅಂಗಡಿಗಳಿರುವ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋದೆ. ಮೆಟ್ಟಿಲ ಕೆಳಗಿನ ಮಳಿಗೆಯೊಂದರಲ್ಲಿ ವಯಸ್ಸಾದ ಯಜಮಾನರು ಭೂತಗನ್ನಡಿ ಹಣೆಗೇರಿಸಿ ಕೂತಿದ್ದರು. ತಳದ ನಾಲ್ಕು ಸ್ಕ್ರೂ ಬಿಚ್ಚಿದರು. ಐದೂವರೆ ಸಾವಿರದ ಒಳಗೆ ಅರ್ಧ ಪಾಸ್‌ಬುಕ್ಕಿನಷ್ಟು ಹಸಿರು ಹಲಗೆ. ಅದರ ಮೂಲೆಯಲ್ಲಿ ಕರ್ರಗಾದ ಒಂದು ಡಯೋಡು, ಅಂದರೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ. "ನೀವು ಉಲ್ಟಾ ಕೊಟ್ಟಿದೀರ. ಇದು ಪಾಪ, ಅಡ್ಡ ಬಿದ್ದು ತಾನು ಸತ್ತು ಉಳಿದಿದ್ದನ್ನ ಕಾಪಾಡಿದೆ" ಅಂದರು. ಎರಡು ರೂಪಾಯಿಯ ಡಯೋಡು, ಐವತ್ತು ರೂಪಾಯಿ ಕೂಲಿ.

ನನಗೆ ಕುತೂಹಲ. "ಸೌಂಡ್ ಮಾಡೋದು ಯಾವ್ದು ಯಜಮಾನ್ರೇ?" ಅಂದೆ. ಅವರು ಚಿಮಟದ ತುದಿಯಲ್ಲಿ ಮುಟ್ಟಿ ತೋರಿಸಿದರು. ಜೀರಿಗೆ ಕಾಳಿನಷ್ಟು ದೊಡ್ಡ ಎರಡು ಗಾಜಿನ ಮಣಿಗಳು, ಇವೂ ಡಯೋಡುಗಳೇ, ಕೇಸರಿ ಬಣ್ಣ, ಮೈಮೇಲೊಂದು ಕಪ್ಪು ಪಟ್ಟೆ. ಒಂದು ಈ ಕಡೆ ಮುಖ, ಇನ್ನೊಂದು ಆ ಕಡೆ ಮುಖ. ಅಲೆಯ ಮೇಲಿನ ಗೋಪುರ ಒಂದು ಸವರುತ್ತದೆ, ಕೆಳಗಿನದು ಇನ್ನೊಂದು. ಅಂಗಡಿಯಲ್ಲಿ ಕೇಳಿದರೆ ಒಂದಕ್ಕೆ ಒಂದು ರೂಪಾಯಿ.

"ಇವೆರಡೇ ಸಾರ್ ಸೌಂಡ್ ಕೆಡಿಸ್ತಿರೋದು" ಅಂದರು ಯಜಮಾನರು, ಬೆಸುಗೆ ಕಡ್ಡಿ ಬಿಸಿಯಾಗಿತ್ತು. "ಕಿತ್ತುಹಾಕಿದ್ರೆ ಕ್ಲೀನಾಗಿ ಬರುತ್ತೆ. ಕೀಳ್ಲಾ?"

ಬೇಡ ಬೇಡ ಅಂತ ಎರಡೂ ಕೈಯಲ್ಲಿ ಡಬ್ಬಿ ಮುಚ್ಚಿಕೊಂಡೆ. 1994ರಲ್ಲಿ ಬಂದ ಕ್ಲಾನ್ ಸೆಂಟಾರ್ ಅನ್ನುವ ಪೆಡಲಿನ ಒಳಗನ್ನು ಅದನ್ನು ಮಾಡಿದವರು ಕಪ್ಪು ಅಂಟು ಸುರಿದು ಮುಚ್ಚಿದ್ದರಂತೆ, ಯಾರೂ ನಕಲು ಮಾಡದಿರಲಿ ಅಂತ. ಈಗ ಹಳೆಯದೊಂದು ಸಾವಿರಾರು ಡಾಲರಿಗೆ ಕೈ ಬದಲಾಯಿಸುತ್ತದೆ. ನನಗೇನೋ ಒಳಗಿರುವ ಜೀರಿಗೆ ಕಾಳು ಕೊಂಡವರ ಕಣ್ಣಿಗೆ ಬೀಳದಿರಲಿ ಅಂತಲೂ ಇರಬಹುದು ಅನಿಸಿತು.

ಇಷ್ಟೆಲ್ಲ ಆದ ಮೇಲೆ ನಮ್ಮ ಅಪಾರ್ಟ್‌ಮೆಂಟಿನ ಗಣೇಶೋತ್ಸವ ಬಂತು. ಮಕ್ಕಳ ಡ್ಯಾನ್ಸಿಗೂ ಮಹಾಮಂಗಳಾರತಿಗೂ ನಡುವೆ ನನಗೆ ಐದು ನಿಮಿಷ. ಆಂಪ್ ಹೊತ್ತು ತಂದಿದ್ದೆ. ಮೈಕ್ ಸೆಟ್ಟಿನವರು ಅದನ್ನು ನೋಡಿ ನಕ್ಕು, "ಇದ್ಯಾಕೆ ಸಾರ್, ಸೀದಾ ಮಿಕ್ಸರ್‌ಗೇ ಹಾಕಿ" ಅಂದರು. ಹಾಕಿದೆ. ಗಿಟಾರ್ ಆಂಪಿನ ಸ್ಪೀಕರು ಮೇಲಿನ ಕರ್ಕಶವನ್ನೆಲ್ಲ ತಾನೇ ಸೋಸಿ ಕೊಡುತ್ತದೆ, ಸಭೆಯ ದೊಡ್ಡ ಸ್ಪೀಕರು ಒಂದನ್ನೂ ಬಿಡದೆ ಬಡಿಸುತ್ತದೆ ಅನ್ನುವ ಜ್ಞಾನ ಆಗ ನನಗಿರಲಿಲ್ಲ.

ಕಣ್ಣು ಮುಚ್ಚಿ, ತೆಂಗಿನ ಮರ ನೆನೆದು, ಪೆಡಲ್ ಒತ್ತಿ, ತಂತಿ ಮೀಟಿದೆ. ತಗಡಿನ ಶೀಟು ಹರಿದ ಹಾಗೆ ಸದ್ದು. ಮುಂದಿನ ಸಾಲಿನ ಮಗುವೊಂದು ಚೀರಿತು. ಮೈಕ್ ಸೆಟ್ಟಿನವರು "ಅಯ್ಯಯ್ಯೋ, ಹೋಯ್ತು" ಅಂತ ಓಡಿ ಬಂದರು. ವಾಲ್ಯೂಮ್ ಇಳಿಸಿದರು. ಸ್ಪೀಕರಿಗೆ ಕಿವಿಯಿಟ್ಟರು. ನನ್ನ ಕೇಬಲ್ ಕಿತ್ತು, ತಮ್ಮದೊಂದನ್ನು ತಂದು, ನಡುವಿದ್ದ ಡಬ್ಬಿಯನ್ನು ಕಾಲಲ್ಲಿ ಪಕ್ಕಕ್ಕೆ ಸರಿಸಿ, ಗಿಟಾರಿನಿಂದ ಮಿಕ್ಸರಿಗೆ ನೇರ ಸಿಕ್ಕಿಸಿದರು. "ಈಗ ನೋಡಿ ಸಾರ್."

ಟಿಣ್ ಅಂತು. ಸಭೆಯೆಲ್ಲ ಚಪ್ಪಾಳೆ. ನುಡಿಸಿದ್ದು ಅಷ್ಟಕ್ಕಷ್ಟೇ. ಆ ಚಪ್ಪಾಳೆ ರಿಪೇರಿಗೆ. ಮೂರನೇ ಸಾಲಿನಲ್ಲಿ ಅಮ್ಮ ಪಕ್ಕದವರಿಗೆ ಏನೋ ಹೇಳಿ ತಲೆಯಾಡಿಸುತ್ತಿದ್ದರು.

ಪ್ರಸಾದದ ಹೊತ್ತಿಗೆ ಮೈಕ್ ಸೆಟ್ಟಿನವರ ಹತ್ತಿರ ಹೋಗಿ, ಅದು ಕೆಟ್ಟಿರಲಿಲ್ಲ, ಅದು ಹಾಗೇ ಬರಬೇಕು, ಅದಕ್ಕೆ ಅಂತಲೇ ಈ ಡಬ್ಬಿ ಇರುವುದು ಅಂತ ವಿವರಿಸಿದೆ. ಅವರು ಕೋಸಂಬರಿ ತಿನ್ನುತ್ತಾ, ಡಬ್ಬಿಯನ್ನು ತಿರುಗಿಸಿ ನೋಡಿದರು. ಎಷ್ಟು ಅಂತ ಕೇಳಿದರು. ಹೇಳಿದೆ. ಕೋಸಂಬರಿ ಅರ್ಧಕ್ಕೆ ನಿಂತಿತು.

"ಅಲ್ಲಾ ಸಾರ್, ಗೋಡೌನಲ್ಲಿ ನಮ್ಮಪ್ಪನ ಕಾಲದ್ದು ಒಂದು ಹಾರ್ನ್ ಸೆಟ್ ಬಿದ್ದಿದೆ. ಏನು ಹಾಕಿದ್ರೂ ಹಿಂಗೇ ಬರುತ್ತೆ. ಗುಜರಿಗೆ ಹಾಕೋಣ ಅಂತಿದ್ದೆ."

"ಎಲ್ಲಿದೆ ನಿಮ್ಮ ಗೋಡೌನು?" ಅಂದೆ.